ಪಾರಿಯ ಮೂರನೆಯ ಜಡ್ಡು

ಪಶು ಆಸ್ಪತ್ರೆಯ ಮೇಜಿನ ಮೇಲಿದ್ದ ಸೂಕ್ಷ್ಮಶೋಧಿನಿ ಯಂತ್ರ ಪಾರಿಯ ಒಂದು ಹನಿ ರಕ್ತವನ್ನೂ ಒಂದಿಷ್ಟು ಉಸಿರನ್ನೂ ಹೀರಿಕೊಂಡು ಸಣ್ಣಗೆ ಗುಂಯ್‌ಗುಟ್ಟಿತು. ಪರದೆಯ ಮೇಲೆ ಕೆಂಪು ಪಟ್ಟಿ ಮೂಡಿತು, ಅದರ ಹಿಂದೆಯೇ ಹಳದಿ. ಮುಧೋಳ ತಳಿಯ ಬೇಟೆನಾಯಿ ಪಾರಿ ಎಲುಬಿನ ಗೂಡಾಗಿ ಬಿದ್ದಿತ್ತು. ಅದನ್ನು ಹೊತ್ತು ತಂದ ಗದಿಗೆಪ್ಪ ಪಕ್ಕದಲ್ಲೇ ನಿಂತಿದ್ದ.

"ಬದುಕತೈತೇನ್ರಿ ಡಾಕ್ಟರ ಬಾಯಾರ?"

"ಎರಡು ಜಡ್ಡ ಅದಾವ ಕಾಕಾ. ಎರಡೂ ಉಣ್ಣಿ ಕಡದು ಬಂದಾವ," ಎಂದರು ಪಶುವೈದ್ಯೆ ಶಕೀಲಾ ನದಾಫ್. "ಮೊದಲ ಒಂದಕ್ಕ ಮದ್ದ ಕೊಡತಿದ್ವಿ, ಇನ್ನೊಂದು ಒಳಗಽ ಅಡಗಿ ಕುಂದರತಿತ್ತು. ಈಗ ಹಂಗಿಲ್ಲ, ಅಂಜಬ್ಯಾಡ್ರಿ."

ಶೋಧಿನಿಯ ಹೆಚ್ಚುಗಾರಿಕೆ ಅದೇ. ಒಂದೇ ಮೈಯಲ್ಲಿ ಎಷ್ಟು ಬಗೆಯ ರೋಗಾಣುಗಳು ಬೀಡುಬಿಟ್ಟಿದ್ದರೂ ಅದು ಬೇರೆ ಬೇರೆಯಾಗಿ ಗುರುತಿಸುತ್ತಿತ್ತು. ಉಣ್ಣಿಯಿಂದ ಬಂದದ್ದೋ ಸೊಳ್ಳೆಯಿಂದಲೋ ಎಂದು ಜಾಡು ಹಿಡಿಯುತ್ತಿತ್ತು. ಎಲ್ಲಕ್ಕೂ ನಾಟುವಂಥ ಕೂಡುಮದ್ದನ್ನು ತಾನೇ ಬೆರೆಸುತ್ತಿತ್ತು. ಮನುಷ್ಯರಿಗೂ ಇಂಥ ಯಂತ್ರ ತಯಾರಾಗಿತ್ತು. ಆದರೆ ಒಪ್ಪಿಗೆ ಕೊಡಬೇಕಾದ ಸಮಿತಿ, ಪಾಪ, ಇನ್ನೂ ಚಹಾ ಕುಡಿಯುತ್ತಿತ್ತು.

ಅಷ್ಟರಲ್ಲಿ ನೀಲಿ ಪಟ್ಟಿಯೊಂದು ಮೂಡಿತು. ಶಕೀಲಾ ಬಗ್ಗಿ ಎರಡು ಸಲ ಓದಿದರು. ರೋಗ: ಕ್ಷಯ. ಜಾಡು: ಮನುಷ್ಯ.

"ಕಾಕಾ, ಮನ್ಯಾಗ ಯಾರರ ಕೆಮ್ಮತಾರೇನು?"

ಗದಿಗೆಪ್ಪ ಮುಖ ತಿರುಗಿಸಿದ. ಎಷ್ಟೋ ತಿಂಗಳಿಂದ ಹಿತ್ತಲಿಗೆ ಹೋಗಿ ಕದ್ದು ಕೆಮ್ಮಿ ಬರುತ್ತಿದ್ದ ಆಸಾಮಿ ಅವನೇ. ಸೊಸೆಗೆ ಗೊತ್ತಾದರೆ ಮೊಮ್ಮಗಳನ್ನು ಕೈಗೆ ಕೊಡುವುದಿಲ್ಲ ಎಂಬ ಭಯ ಅವನದು.

"ನಂದೇನ ಬಿಡ್ರಿ, ವಯಸ್ಸಿನ ಕೆಮ್ಮು. ಮೊದಲ ಪಾರೀನ ಉಳಸ್ರಿ."

"ವಯಸ್ಸಿಂದಲ್ಲ ಕಾಕಾ, ಕ್ಷಯ; ಪಾರಿಗೂ ಹತ್ತೈತಿ. ನೀವು ಮದ್ದ ತಗೊಳ್ಳಲಿಲ್ಲಂದ್ರ ಇದಕ್ಕ ಎಷ್ಟ ಕೊಟ್ರೂ ಅಷ್ಟಽ. ನಿಮ್ಮ ಉಸಿರಿಂದ ಮತ್ತ ಹತ್ತತೈತಿ. ಇದು ಎಲ್ಲಿ ಮಲಗತೈತಿ?"

"ನನ್ನ ಮಗ್ಗಲದಾಗ್ರಿ. ಮರಿ ಇದ್ದಾಗಿಂದ ಅದಽ ರೂಢಿ. ಈ ಕಡೆ ಪಾರಿ, ಆ ಕಡೆ..."

ಶಕೀಲಾ ಪರದೆ ಬಿಟ್ಟು ಅವನತ್ತ ನೋಡಿದರು.

"ಆ ಕಡೆ ಮೊಮ್ಮಗಳು ಮಲಗತಾಳ್ರಿ ಬಾಯಾರ."

ಕೂಡುಮದ್ದು ಸಿದ್ಧವಾಯಿತೆಂದು ಯಂತ್ರ ಗಂಟೆ ಬಾರಿಸುತ್ತಲೇ ಇತ್ತು. ಇಬ್ಬರಿಗೂ ಅದರ ಕಡೆ ಗಮನವಿರಲಿಲ್ಲ. ಗದಿಗೆಪ್ಪ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ನಾಯಿಯನ್ನು ಅಲ್ಲೇ ಬಿಟ್ಟು ಬಿರಬಿರನೆ ಮನೆಯತ್ತ ಹೊರಟ. ಸೊಸೆಗೆ ಎಲ್ಲವನ್ನೂ ಅವನೇ ಹೇಳಬೇಕಿತ್ತು.