ಟಿನ್‌ಪಾಟ್ ಹಳ್ಳದ ಬಳಿ ಬಿಟ್ಟ ನೀರು

ಏಪ್ರಿಲ್ ಹದಿನೆಂಟು, ಶನಿವಾರ. ಸಂಜೆ ಆರೂವರೆಗೆ ಬರಾಂಗಾ ಪೊಲೀಸ್ ಠಾಣೆಯ ಬಾಗಿಲು ತಳ್ಳಿಕೊಂಡು ಬಂದ ಲ್ಯೂಕ್ ಪಾಸ್ಕೋನ ಪ್ಯಾಂಟು ಮೊಣಕಾಲಿನವರೆಗೆ ಮಸಿ ಮತ್ತು ಕೆಸರು. ಅವನ ನಾಲ್ಕು ವರ್ಷದ ಮಗಳು ಟಿಲಿಯನ್ನು ಊರಿನ ಆಸ್ಪತ್ರೆಯಿಂದ ಆಗಷ್ಟೇ ಹೆಲಿಕಾಪ್ಟರಿನಲ್ಲಿ ಮೆಲ್ಬರ್ನ್‌ಗೆ ಕಳಿಸಿದ್ದರು. ಅದರಲ್ಲಿ ತಾಯಿಗೆ ಮಾತ್ರ ಜಾಗವಿತ್ತು. ಕಾರಿನಲ್ಲಿ ಹಿಂಬಾಲಿಸುವ ಮೊದಲು ದೂರು ಕೊಟ್ಟೇ ಹೋಗುತ್ತೇನೆ ಎಂದು ಅವನು ಬಂದಿದ್ದ.

ಸಾರ್ಜೆಂಟ್ ಮರಿಯನ್ ಟ್ರೆಲೋರ್ ಕುರ್ಚಿ ಎಳೆದುಕೊಟ್ಟು ದೂರು ಬರೆದುಕೊಂಡಳು. ಪಾಸ್ಕೋ ಕುಟುಂಬ ಮಧ್ಯಾಹ್ನ ಎರಡರ ಸುಮಾರಿಗೆ ಟಿನ್‌ಪಾಟ್ ಹಳ್ಳದ ಬಯಲಿಗೆ ಬಂದು ಗುಡಾರ ಹಾಕಿತ್ತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಕಲ್ಲು ಸುತ್ತಿದ ಒಲೆಯ ಜಾಗದಲ್ಲಿ ಮರಳಿನ ಗುಡ್ಡೆಯಿತ್ತು. ಟಿಲಿ ಶೂ ಕಳಚಿ, ಆಡಲು ಮರಳು ಸಿಕ್ಕಿತೆಂದು ಅದರ ಮೇಲೆ ಹಾರಿದಳು. ಕೆಳಗೆ ಕೆಂಡವಿತ್ತು.

"ಹೊಗೆ ಇರ್ಲಿಲ್ಲ, ಬೂದಿನೂ ಕಾಣ್ತಿರ್ಲಿಲ್ಲ," ಎಂದ ಲ್ಯೂಕ್. "ನುಣ್ಣಗೆ ಹರಡಿತ್ತು. ನಾನೇ ಹೋಗಿ ಆಡ್ಕೋ ಅಂದಿದ್ದು."

ಹಳ್ಳ ಪೂರ್ತಿ ಒಣಗಿತ್ತು. ಅವರ ಗಾಡಿಯಲ್ಲಿದ್ದದ್ದು ಕುಡಿಯಲು ತಂದ ನಾಲ್ಕು ಬಾಟಲಿ. ಆದರೆ ನೀಲಗಿರಿ ಮರದ ನೆರಳಲ್ಲಿ ಯಾರೋ ಇಪ್ಪತ್ತು ಲೀಟರಿನ ಕ್ಯಾನಿನ ತುಂಬ ಒಳ್ಳೆಯ ನೀರು ಇಟ್ಟು ಹೋಗಿದ್ದರು. ಗಂಡ ಹೆಂಡತಿ ಅದನ್ನು ಮಗುವಿನ ಪಾದಗಳ ಮೇಲೆ ಕೊನೆಯ ಹನಿಯವರೆಗೂ ಬಿಟ್ಟರು. ಆ ನೀರಿಲ್ಲದಿದ್ದರೆ ಪಾದ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಅವಳು ಮೊದಲಿನಂತೆ ನಡೆಯುತ್ತಾಳೋ ಇಲ್ಲವೋ ಎಂಬುದನ್ನು ಚರ್ಮದ ಕಸಿ ಮಾಡಿದ ಮೇಲಷ್ಟೇ ಹೇಳಬಹುದಿತ್ತು.

"ಬೆಂಕಿ ಬಿಟ್ಟೋನನ್ನ ಹಿಡೀರಿ," ಎಂದು ಅವನು ಎದ್ದು ನಿಂತ. "ನೀರು ಬಿಟ್ಟೋರನ್ನೂ ಹುಡುಕಿ. ಅವ್ರಿಗೆ ನಾನು ಥ್ಯಾಂಕ್ಸ್ ಹೇಳ್ಬೇಕು."

ನಿರ್ಲಕ್ಷ್ಯದಿಂದ ತೀವ್ರ ಗಾಯ ಉಂಟುಮಾಡಿದ ಪ್ರಕರಣ ದಾಖಲಾಯಿತು. ಹುಡುಕುವುದು ಹೇಗೆ ಎಂಬುದೇ ತಲೆನೋವು. ನಮ್ಮ ಕಡೆಯ ಸರ್ಕಾರಿ ಕಾಡಿನಲ್ಲಿ ಗೇಟಿಲ್ಲ, ಬಾಡಿಗೆಯಿಲ್ಲ, ಬಂದವರ ಹೆಸರು ಬರೆಯುವವರೂ ಇಲ್ಲ. ಬೇಕಾದದ್ದನ್ನು ಹೊತ್ತು ತಂದು, ಉಳಿದದ್ದನ್ನು ಹೊತ್ತು ಹೋಗಬೇಕು. ಆ ಸುಖಕ್ಕೇ ಜನ ಬರುವುದು.

ಭಾನುವಾರ ಬೆಳಿಗ್ಗೆ ಮರಿಯನ್, ಕಾನ್‌ಸ್ಟೇಬಲ್ ಡಾನ್ ವೆಲ್ಲಾ ಜೊತೆ ಸ್ಥಳ ಮಹಜರು ಮಾಡಿದಳು. ಮರಳು ಹಳ್ಳದ ತಳದ್ದು, ಸಲಿಕೆಯಲ್ಲಿ ತಂದು ದಪ್ಪಗೆ ಹೊದಿಸಿದ್ದು. ಅಡಿಯ ಇದ್ದಿಲು ಆಗಲೂ ಬೆಚ್ಚಗಿತ್ತು. ಬಯಲಿನಲ್ಲಿ ಒಂದು ಕಾಗದದ ಚೂರೂ ಇರಲಿಲ್ಲ. ಮುಂದೆ ಬರುವವರಿಗೆಂದು ಒಣ ಸೌದೆ ಒಟ್ಟಿ, ಇಬ್ಬನಿ ತಾಗದಂತೆ ಮೇಲೆ ಮರದ ತೊಗಟೆ ಮುಚ್ಚಿದ್ದರು. ಖಾಲಿ ಕ್ಯಾನಿಗೆ ಹಿತ್ತಾಳೆಯ ನಲ್ಲಿಯಿತ್ತು, ಅದರ ಹಿಡಿಗೆ ಒಂದು ಲೋಟ ಕಟ್ಟಿತ್ತು.

"ನೀರು, ಸೌದೆ ಇಟ್ಟೋರು ನಮ್ಮ ಕಡೆಯೋರು," ಎಂದಳು ಮರಿಯನ್. "ಆಮೇಲೆ ಯಾರೋ ಪೇಟೆಯೋರು ಬಂದು ಬೆಂಕಿ ಹಾಕಿ ಹಂಗೇ ಎದ್ದು ಹೋಗಿದಾರೆ."

ವೆಲ್ಲಾ ತಲೆಯಾಡಿಸಿದ. ಇಲ್ಲಿ ಹುಟ್ಟಿ ಬೆಳೆದವರ್‍ಯಾರೂ ಬೇರೆ ರೀತಿ ಯೋಚಿಸುತ್ತಿರಲಿಲ್ಲ. ಬೆಂಕಿಗೆ ಮಣ್ಣು ಹಾಕಬಾರದು, ನೀರು ಸುರಿದು ಕಲಕಿ ಕೈಯಿಟ್ಟು ನೋಡಬೇಕು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಹಾಗಾಗಿ ಪೇಟೆಯವರ ಮೇಲೆಯೇ ಅನುಮಾನ. ಆ ಹೆಮ್ಮೆಗೆ ಒಂದೂವರೆ ದಿನ ದಂಡವಾಯಿತು.

ಶುಕ್ರವಾರ ಪೆಟ್ರೋಲ್ ಬಂಕಿನಲ್ಲಿ ಬಿಯರಿಗೆ ಮಂಜುಗಡ್ಡೆ ಕೊಂಡ ಇಬ್ಬರು ಮೆಲ್ಬರ್ನ್ ಹುಡುಗರನ್ನು ಪತ್ತೆ ಹಚ್ಚಿ ಫೋನಿನಲ್ಲಿ ಗದರಿಸಿದ್ದಾಯಿತು. ಅವರು ಉಳಿದದ್ದು ಬೆಟ್ಟದ ಆಚೆಗೆ, ನದಿಯ ಪಕ್ಕ. ಅಲ್ಲಿನ ಅರಣ್ಯ ಸಿಬ್ಬಂದಿಯೇ ಅವರನ್ನು ನೋಡಿದ್ದರು. ಮರಿಯನ್ ಕ್ಷಮೆ ಕೇಳಿ ಫೋನಿಟ್ಟಳು.

ಸೋಮವಾರ ಮಧ್ಯಾಹ್ನ ವೆಲ್ಲಾ ಹಿತ್ತಾಳೆ ನಲ್ಲಿಯ ಫೋಟೋ ಹಿಡಿದು ಹಾರ್ಡ್‌ವೇರ್ ಅಂಗಡಿಗೆ ಹೋದ. ಅಂಗಡಿಯ ಡಾಟ್ ಸ್ಪರ್ಲಿಂಗ್ ಒಂದೇ ನೋಟಕ್ಕೆ ಗುರುತಿಸಿದಳು. ಪ್ಲಾಸ್ಟಿಕ್ ನಲ್ಲಿ ಬಿಸಿಲಿಗೆ ಬಿರಿಯುತ್ತದೆ ಎಂದು ಪ್ರತಿ ಕ್ಯಾನಿಗೂ ಹಿತ್ತಾಳೆಯದನ್ನೇ ಹಾಕಿಸುವ ಗಿರಾಕಿ ಅವಳಿಗೆ ಒಬ್ಬನೇ: ಐವರ್ ಮಕ್ಲಿಶ್.

ಎಪ್ಪತ್ತಮೂರರ ಐವರ್ ಊರಿನ ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಮರಿಯನ್ ಶಾಲೆ ಮುಗಿಯುವವರೆಗೂ ಅವನ ಬಸ್ಸಿನಲ್ಲೇ ಓಡಾಡಿದವಳು. ನೀರು ಬಿಟ್ಟವನು ಅವನೆಂದು ತಿಳಿದು ಅವಳಿಗೆ ನಿಜಕ್ಕೂ ಖುಷಿಯಾಯಿತು. ದಾರಿಯಲ್ಲಿ ಬೇಕರಿ ಮುಂದೆ ನಿಲ್ಲಿಸಿ ಸೇಬಿನ ಪೈ ಕಟ್ಟಿಸಿಕೊಂಡಳು.

"ಸಾಕ್ಷಿಗೆ ಲಂಚಾನಾ ಸಾರ್ಜ್?" ಎಂದ ವೆಲ್ಲಾ.

"ಬಾಯ್ ಮುಚ್ಕೊಂಡು ಗಾಡಿ ಓಡ್ಸು."

ಐವರ್ ಹಿತ್ತಲಲ್ಲಿ ಗುಡಾರ ಒಣಗಿಸುತ್ತಿದ್ದ. ಮರಿಯನ್ ಪೈ ಮೇಜಿನ ಮೇಲಿಟ್ಟು, ಆ ನೀರು ಒಂದು ಮಗುವಿನ ಪಾದ ಉಳಿಸಿತೆಂದು ಮೊದಲು ಹೇಳಿದಳು. ಮುದುಕನ ಕಣ್ಣಲ್ಲಿ ನೀರಾಡಿತು. ಮಗು ಹೇಗಿದೆ, ಏನಾಯಿತು ಎಂದು ಕೇಳಿದ. ಸುಟ್ಟಿದೆ, ಚಿಕಿತ್ಸೆ ನಡೆಯುತ್ತಿದೆ ಎಂದಷ್ಟೇ ಹೇಳಿ ಅವಳು ಪ್ರಶ್ನೆಗಿಳಿದಳು.

"ನೀವು ಅಲ್ಲಿಂದ ಹೊರಟಿದ್ದು ಯಾವಾಗ, ಐವರ್?"

"ಶನಿವಾರ ಬೆಳಿಗ್ಗೆ. ಹನ್ನೊಂದಾಗಿತ್ತೇನೋ."

ವೆಲ್ಲಾ ಬರೆಯುವುದನ್ನು ನಿಲ್ಲಿಸಿದ.

"ನಿಮ್ಮ ಹಿಂದೆ ಯಾರಾದ್ರೂ ಬಂದ್ರಾ?"

"ಇರೋದೇ ಒಂದು ದಾರಿ. ಅದು ದೊಡ್ಡ ರಸ್ತೆಗೆ ಸೇರೋ ಕಡೆ ಕೂತು ಊಟ ಮಾಡ್ದೆ. ಹೆಂಡ್ತಿ, ಪುಟ್ಟ ಹುಡುಗಿ ಕೂರಿಸ್ಕೊಂಡು ಒಬ್ಬ ಬಂದ. ಅವ್ನ ಬಿಟ್ರೆ ಇಲ್ಲ. ಕೈ ಬೀಸ್ತು ಆ ಹುಡುಗಿ."

ಮರಿಯನ್‌ಗೆ ಮುಂದಿನ ಪ್ರಶ್ನೆ ಕೇಳಲು ಮನಸ್ಸಿರಲಿಲ್ಲ. ಆದರೂ ಕೇಳಿದಳು. "ಬೆಂಕಿ?"

"ಮರಳು ಮುಚ್ಚಿದ್ನಲ್ಲ, ಎರಡು ಮೂರು ಸಲಿಕೆ ಜಾಸ್ತೀನೇ..." ಅಷ್ಟಕ್ಕೆ ಅವನ ಮಾತು ನಿಂತಿತು. ಪಾದ ಎಂದದ್ದು ಏಕೆಂದು ಅವನಿಗೆ ಆಗ ಹೊಳೆಯಿತು.

ಅವಳು ಕೈಯೆತ್ತಿ ತಡೆದಳು. ನೀವು ಏನೂ ಹೇಳಬೇಕಾಗಿಲ್ಲ, ಹೇಳಿದ್ದನ್ನು ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧ ಬಳಸಬಹುದು, ವಕೀಲರನ್ನು ಕರೆಸಬಹುದು ಎಂದು ಪೂರ್ತಿ ಓದಿದಳು. ಮಧ್ಯಾಹ್ನ ಮೂರು ಹತ್ತಕ್ಕೆ ಐವರ್ ಮಕ್ಲಿಶ್‌ನನ್ನು ಬಂಧಿಸಲಾಯಿತು. ಪೈ ಮೇಜಿನ ಮೇಲೇ ಉಳಿಯಿತು.

ಠಾಣೆಯಲ್ಲಿ ಅವನು ವಕೀಲರು ಬೇಡವೆಂದು ಎಲ್ಲ ಹೇಳಿದ. ಬಹಳ ವರ್ಷದ ಹಿಂದೆ, ಹೀಗೇ ಹಳ್ಳ ಒಣಗಿದ್ದಾಗ, ಅದೇ ಬಯಲಿನಲ್ಲಿ ಅವನ ಗಾಡಿಯ ಆಕ್ಸಲ್ ಮುರಿದಿತ್ತು. ಜೊತೆಗಿದ್ದ ಹೆಂಡತಿಗೆ ಜ್ವರ. ಯಾರೋ ಗುರುತಿಲ್ಲದವರು ಮರದಡಿ ಬಿಟ್ಟಿದ್ದ ನೀರು ಅವರನ್ನು ಎರಡು ದಿನ ಬದುಕಿಸಿತ್ತು. ಅಂದಿನಿಂದ ಅವನು ನೀರು ಬಿಡದೆ ಯಾವ ಕಾಡಿನಿಂದಲೂ ಹೊರಟವನಲ್ಲ. ಈ ಸಲ ಉಳಿದದ್ದು ಒಂದೇ ಕ್ಯಾನು. ಬೆಂಕಿಗೆ ಸುರಿಯಲು ಮನಸ್ಸಾಗಲಿಲ್ಲ.

ಮರಿಯನ್ ಆಸ್ಪತ್ರೆಯಲ್ಲಿದ್ದ ಲ್ಯೂಕ್‌ಗೆ ಫೋನ್ ಮಾಡಿ, ಹುಡುಕಿದ ಇಬ್ಬರೂ ಒಬ್ಬನೇ ಎಂದು ತಿಳಿಸಿದಳು.

"ದೂರು ವಾಪಸ್ ತಗೊಳಲ್ಲ," ಎಂದ ಲ್ಯೂಕ್. "ಥ್ಯಾಂಕ್ಸ್ ಅಂದಿದ್ದೂ ವಾಪಸ್ ತಗೊಳಲ್ಲ. ಎರಡೂ ಅವ್ರಿಗೆ ಹೇಳ್ಬಿಡಿ."

ಅವಳು ಎರಡನ್ನೂ ಹಾಗೆಯೇ ಹೇಳಿದಳು. ಐವರ್ ತಲೆ ತಗ್ಗಿಸಿ ಕೇಳಿಸಿಕೊಂಡ. ಹೇಳಿಕೆಯನ್ನು ಓದಿ ತೋರಿಸಿ ಪೆನ್ನು ಮುಂದೆ ಸರಿಸಿದಾಗ ಅವನು ಸಹಿ ಹಾಕಲಿಲ್ಲ.

"ಇನ್ನೊಂದು ಸಾಲು ಸೇರ್ಸು ಮರಿಯನ್. ಬೆಂಕಿಗೆ ಅರ್ಧ ಕ್ಯಾನು ಸಾಕಿತ್ತು. ಅರ್ಧ ಬಿಟ್ಟು ಬರ್ಬಹುದಿತ್ತು. ತುಂಬಿದ ಕ್ಯಾನು ನೋಡಿ ಯಾರೋ ಖುಷಿ ಪಡ್ಲಿ ಅಂತ ಆಸೆ ನಂಗೆ."

ಈ ಸಾಲು ನ್ಯಾಯಾಲಯದಲ್ಲಿ ಅವನಿಗೆ ಎಷ್ಟು ಮುಳುವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬೇಡ ಬಿಡಿ ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಅವನು ಹೇಳಿದಂತೆಯೇ ಬರೆದಳು. ಐವರ್ ಕನ್ನಡಕ ಏರಿಸಿ ಆ ಸಾಲನ್ನು ಓದಿ, ಅದರ ಕೆಳಗೆ ಸಹಿ ಹಾಕಿದ.