ಅವಳ ದನಿ, ಅವನ ಕುರ್ಚಿ

ಬ್ಯಾಂಕಿನ ಹೊಸ ಫೋನ್ ಸೇವೆ ಶುರುವಾದ ಬೆಳಿಗ್ಗೆ ಮ್ಯಾನೇಜರ್ ಸ್ಪೀಕರ್ ಆನ್ ಮಾಡಿ ಎಲ್ಲರಿಗೂ ಕೇಳಿಸಿದರು.

"ನಮಸ್ಕಾರ. ನಿಮಗೇನು ಸಹಾಯ ಬೇಕು, ಹೇಳಿ."

ಮಾತಾಡಿದ್ದು ಯಂತ್ರ. ದನಿ ಮಾತ್ರ ಅವಳದು.

ಇಷ್ಟು ವರ್ಷ ಗ್ರಾಹಕರ ಫೋನಿಗೆ ಉತ್ತರಿಸುತ್ತಿದ್ದವನು ತಲೆಯೆತ್ತಿ ಸಾಲದ ಕೌಂಟರಿನತ್ತ ನೋಡಿದ. ಅಲ್ಲಿ ಕೂತಿದ್ದ ಅವಳ ಮುಖ ಬಿಳಿಚಿಕೊಂಡಿತ್ತು. ನಿನ್ನೆಯವರೆಗೂ ಕಣ್ಣಿಗೆ ಕಣ್ಣು ಸಿಕ್ಕರೆ ಸಾಕು, ಅವಳ ತುಟಿಯಂಚಿನಲ್ಲಿ ಒಂದು ಕಳ್ಳನಗು ಇಣುಕುತ್ತಿತ್ತು. ಇವತ್ತು ಅವನೇ ಮುಖ ತಿರುಗಿಸಿದ.

"ಒಂದೇ ಸಲಕ್ಕೆ ನೂರು ಜನಕ್ಕೆ ಉತ್ತರ ಕೊಡುತ್ತೆ," ಮ್ಯಾನೇಜರ್ ಹಿಗ್ಗಿದರು.

ಮಧ್ಯಾಹ್ನದ ಹೊತ್ತಿಗೆ ಅವನ ಮೇಜಿನ ಫೋನ್ ಮೂಕವಾಯಿತು. ಸಂಜೆ ಆದೇಶ ಬಂತು: ಮುಂದಿನ ಸೋಮವಾರದಿಂದ ಅವನು ಅಂಗಡಿ ಅಂಗಡಿ ಸುತ್ತಿ ಜನರ ಮೊಬೈಲಿಗೆ ಬ್ಯಾಂಕಿನ ಆ್ಯಪ್ ಹಾಕಿಸಬೇಕು.

ವಾರವಿಡೀ ಅವನು ಅವಳೊಡನೆ ಮಾತಾಡಲಿಲ್ಲ. "ಎಷ್ಟು ಇಂಪಾದ ದನಿ ಕಣೇ," ಎಂದು ಗೆಳತಿಯರು ಹೊಗಳಿದಾಗಲೆಲ್ಲ ಅವಳು ಊಟದ ಡಬ್ಬಿ ಮುಚ್ಚಿ ಎದ್ದುಬಿಡುತ್ತಿದ್ದಳು.

ಶುಕ್ರವಾರ ಅವನು ಡ್ರಾಯರ್ ಖಾಲಿ ಮಾಡಿ, ಸಾಮಾನು ತುಂಬಿದ ಡಬ್ಬ ಎತ್ತಿಕೊಂಡು ಹೊರಟ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ತರಬೇತಿಗೆ ಬೇಕು ಅಂತ ನನ್ನಿಂದ ಒಂದಷ್ಟು ವಾಕ್ಯ ಓದಿಸಿ ರೆಕಾರ್ಡ್ ಮಾಡ್ಕೊಂಡ್ರು. ನಿಮ್ಮ ಕುರ್ಚಿಗೆ ಸಂಚಕಾರ ತರುತ್ತೆ ಅಂತ ನಂಗೊತ್ತಿರಲಿಲ್ಲ."

"ಯಾವಾಗ ಓದಿದ್ದು?"

"ಹೋದ ತಿಂಗಳು."

"ದಿನಾ ಒಟ್ಟಿಗೇ ಊಟ ಮಾಡ್ತಿದ್ವಿ. ಒಂದು ಮಾತು ಹೇಳ್ಬೋದಿತ್ತು."

"ರೆಕಾರ್ಡಿಂಗ್ ಸಿಕ್ಕ ಮೇಲೆ ನಿಮಗೇ ಮೊದಲು ಕೇಳಿಸೋಣ ಅಂತಿದ್ದೆ." ಅವಳು ನೆಲ ನೋಡಿದಳು. "ನನ್ನ ದನಿ ಕೇಳಿದ್ರೆ ಸಿಟ್ಟಲ್ಲಿರೋರೂ ತಣ್ಣಗಾಗ್ತಾರೆ ಅಂತ ನೀವೇ ಹೇಳಿದ್ರಿ. ಅದಕ್ಕೇ ಒಪ್ಕೊಂಡೆ."

ಅವನು ಡಬ್ಬವನ್ನು ಎದೆಗೊತ್ತಿ ಹಿಡಿದ. ಅವಳೇ ಮುಂದುವರಿಸಿದಳು.

"ಅದನ್ನ ತೆಗೀರಿ ಅಂತ ಬೆಳಿಗ್ಗೆ ಮ್ಯಾನೇಜರಿಗೆ ಹೇಳ್ದೆ. ಲಾಭ ಏರ್ತಿರೋವಾಗ ಯಾರಾದ್ರೂ ತೆಗೀತಾರಾ ಅಂತ ನಕ್ಕರು."

"ತೆಗೆದ್ರೆ ಇನ್ನೊಬ್ಬರದ್ದು ಹಾಕ್ತಾರೆ, ಅಷ್ಟೇ." ಅವನ ದನಿ ತಗ್ಗಿತು. "ದಿನಾ ಆ ನಂಬರಿಗೆ ಫೋನ್ ಮಾಡ್ತಿದ್ದೆ. ನಿಮ್ಮ ಮೇಲೆ ಸಿಟ್ಟು ಬರ್ಲಿ ಅಂತ. ಬರ್ತಾನೇ ಇರಲಿಲ್ಲ."

"ಏನು ಕೇಳ್ತಿದ್ರಿ ಅದನ್ನ?"

"ಬ್ಯಾಲೆನ್ಸ್. ಬೇರೆ ಏನು ಕೇಳಿದ್ರೂ ಅದಕ್ಕೆ ಅರ್ಥ ಆಗಲ್ಲ."

"ನನ್ನ ಕೇಳಿ. ಅರ್ಥ ಆಗುತ್ತೆ."

ಹಿಂದೆ ಯಾರೋ ಶಟರ್ ಎಳೆಯತೊಡಗಿದ್ದರು. ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಸೋಮವಾರದಿಂದ ನಾನು ಬೀದಿ ಸುತ್ತೋನು. ಅದೂ ಎಷ್ಟು ದಿನವೋ ಗೊತ್ತಿಲ್ಲ. ಹಾಗಿದ್ರೂ ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ," ಎಂದಳು. "ಮೊದಲು ಆ ಡಬ್ಬ ಕೆಳಗಿಡು."