ತೆರಪಿಲ್ಲದ ಹಾಡು

ಬಹಳ ಹಿಂದೆ, ಬೆಟ್ಟಗಳೂ ಹಾಡು ಕೇಳಿ ತಲೆದೂಗುತ್ತಿದ್ದ ಕಾಲದಲ್ಲಿ, ಕಿನ್ನರಪುರವೆಂಬ ರಾಜ್ಯವಿತ್ತು. ಅಲ್ಲಿನ ದೇವಿಯ ಗುಡಿಯಲ್ಲಿ ಹಾಡುವ ಮೇಳವೊಂದಿತ್ತು. ಗುರುಪಾದಜ್ಜ ಅದರ ಹಿರಿಯ. ಎಲ್ಲರೂ ಒಂದೇ ದನಿಯಲ್ಲಿ ಹಾಡಬೇಕು, ಸಾಲು ಮುಗಿದಾಗ ಎಲ್ಲರೂ ಒಟ್ಟಿಗೇ ಉಸಿರೆಳೆಯಬೇಕು ಎಂಬುದು ಮೇಳದ ಕಟ್ಟಳೆ. ಹೊಸ ಹಾಡಿಗಂತೂ ಗುಡಿಯಲ್ಲಿ ಜಾಗವೇ ಇರಲಿಲ್ಲ.

ಮೇಳದಲ್ಲಿ ನೀಲಾಂಬೆ, ಹೊನ್ನಾಂಬೆ ಎಂಬ ಅಕ್ಕತಂಗಿಯರಿದ್ದರು. ತಂಗಿ ಹೊನ್ನಾಂಬೆ ದೇವಿಯ ಮೇಲೆ ಹೊಸ ಹಾಡು ಕಟ್ಟಿ ತಂದಳು. ಅಜ್ಜ ಗದರಿಸಿ ಕಳಿಸಿದ. ಪಾಪ, ಹುಡುಗಿ ಊರಾಚೆ ಹೊಳೆದಂಡೆಯಲ್ಲಿ ಒಬ್ಬಳೇ ಕೂತು ಹಾಡಿಕೊಳ್ಳುತ್ತಿದ್ದಾಗ, ಹಾಡು ಕಂಡರಾಗದ ಮೌನಾಕ್ಷನೆಂಬ ಮಾಂತ್ರಿಕ ಅವಳನ್ನು ಹೊತ್ತೊಯ್ದು ಕಲ್ಲು ಮಾಡಿಟ್ಟ. ಹುಣ್ಣಿಮೆಯ ಸಂಜೆಯೊಳಗೆ ಹಾಡಿ ಬಿಡಿಸದಿದ್ದರೆ ಅವಳು ಎಂದೆಂದಿಗೂ ಕಲ್ಲೇ.

ಸುದ್ದಿ ತಿಳಿದ ನೀಲಾಂಬೆ ಅಜ್ಜನ ಬಳಿಗೆ ಓಡಿದಳು. "ಇವತ್ತೇ ಹುಣ್ಣಿಮೆ ಅಜ್ಜಾ, ಏಳಿ," ಎಂದಳು. ಅಜ್ಜ ಕೋಲು ಹಿಡಿದ. ಮೇಳವೆಲ್ಲ ಮಾಂತ್ರಿಕನ ಬೆಟ್ಟ ಹತ್ತಿತು.

ಮೊದಲ ಬಾಗಿಲಲ್ಲಿ ಕಲ್ಲಾನೆ ಅಡ್ಡ ನಿಂತಿತ್ತು. ಹಾಡಿದರು, ಆನೆ ಸರಿಯಿತು. ಉಸಿರೆಳೆದರು, ಆನೆ ತಿರುಗಿ ಬಂತು. ಎಲ್ಲರೂ ಓಡಿ ನುಸುಳುವಷ್ಟರಲ್ಲಿ ಅಜ್ಜನ ಕೋಲು ಅದರ ಕಾಲಡಿ ಪುಡಿಯಾಯಿತು.

ಮುಂದೆ ಆಳವಾದ ಕೊರಕಲು. ಹೆಬ್ಬಾವೊಂದು ಅದಕ್ಕೆ ಸೇತುವೆಯಾಗಿ ಮಲಗಿತ್ತು. ಹಾಡುತ್ತ ಅದರ ಮೇಲೆ ನಡೆದರು, ಹಾವು ಅಲುಗಲಿಲ್ಲ. ಉಸಿರೆಳೆದರು, ಹಾವು ಮೈ ಮುರಿಯಿತು. ನೀಲಾಂಬೆ ಕೆಳಗೆ ಜೋತಾಡಿ ಹೇಗೋ ದಡ ಸೇರಿದಳು.

"ಅಜ್ಜಾ, ಒಟ್ಟಿಗೆ ಉಸಿರೆಳೆಯೋದೇ ಎಡವಟ್ಟಾಗ್ತಿದೆ."

"ಸುಮ್ಮನಿರಮ್ಮ, ಅದು ಕಟ್ಟಳೆ!" ಎಂದ ಅಜ್ಜ. ಕೋಲು ಹೋದರೂ ಹಟ ಹೋಗಿರಲಿಲ್ಲ.

ಕೊನೆಗೆ ಮಾಂತ್ರಿಕನ ಚಾವಡಿ. ಅಲ್ಲಿ ಹೊನ್ನಾಂಬೆ ಕಲ್ಲಾಗಿ ನಿಂತಿದ್ದಳು. ಹಾಡಿದರು, ಅವಳ ಪಾದ ಕೆಂಪಾಯಿತು, ಕೈ ಮಿಡುಕಿತು. ಉಸಿರೆಳೆದರು, ಆ ತೆರಪಿನಲ್ಲಿ ಮೌನಾಕ್ಷ "ಹುಂ" ಎಂದ. ಪಾದದಿಂದ ನೆತ್ತಿಯವರೆಗೆ ಮತ್ತೆ ಕಲ್ಲು! ಹೊರಗೆ ಹೊತ್ತು ಇಳಿಯುತ್ತಿತ್ತು.

ನೀಲಾಂಬೆ ಅಜ್ಜನ ಕೈ ಹಿಡಿದಳು. "ಹಳೇ ಹಾಡಿನ ಸಾಲು ಉದ್ದ, ನನ್ನ ತಂಗಿಯ ಸಾಲು ಗಿಡ್ಡ. ಎರಡನ್ನೂ ಒಟ್ಟಿಗೆ ಹಾಡೋಣ. ನೀವು ಹಿರಿಯರು ಉಸಿರೆಳೆಯುವಾಗ ನಾವು ಹಾಡ್ತಿರ್ತೀವಿ, ನಾವು ಎಳೆಯುವಾಗ ನೀವು."

"ಅವಳ ಹಾಡು ನಿಮಗೆಲ್ಲಿ ಬರುತ್ತೆ?"

ಕಿರಿಯರೆಲ್ಲ ನೆಲ ನೋಡಿದರು. "ನಿಮಗೆ ಹೆದರಿ ಕದ್ದು ಕಲಿತಿದ್ದೀವಿ."

ಅಜ್ಜನ ಕಣ್ಣು ತುಂಬಿತು. "ನಾನು ಗದರದೇ ಇದ್ದಿದ್ರೆ ಆ ಮಗು ಹೊಳೆದಂಡೆಗೆ ಹೋಗ್ತಿರಲಿಲ್ಲ. ಹಾಡಿ," ಎಂದು ತಾನೇ ಶ್ರುತಿ ಹಿಡಿದ.

ಹಳೆಯದೂ ಹೊಸದೂ ಹೆಣೆದುಕೊಂಡವು. ಮೌನಾಕ್ಷ ಬಾಯಿ ತೆರೆದು ತೆರಪಿಗಾಗಿ ಕಾದ. ತೆರಪು ಬರಲೇ ಇಲ್ಲ. ಕಾದು ಕಾದು ಕುಗ್ಗಿ, ಕೊನೆಗೆ ಜೀರುಂಡೆಯಾಗಿ ಕಿಟಕಿಯಿಂದ ಹಾರಿಹೋದ. ಹಾಡು ಕಂಡರಾಗದವನಿಗೆ ಈಗ ಬಾಯಿ ಮುಚ್ಚಲಾಗದು!

ಹೊನ್ನಾಂಬೆ ಕಣ್ಣು ಬಿಟ್ಟಳು. ಅಕ್ಕ ಅಳುತ್ತ ತಬ್ಬಿಕೊಂಡಳು.

"ಮೂರನೇ ಸಾಲು ತಪ್ಪು ಹಾಡಿದಿರಿ," ಎಂದಳು ತಂಗಿ.

"ತಿದ್ದಿಕೊಡು ಮಗಳೇ," ಎಂದ ಅಜ್ಜ, "ನಾಳೆ ಗುಡಿಯಲ್ಲಿ ಹಾಡಬೇಕಲ್ಲ."

ಮರುದಿನ ಗುಡಿಯಲ್ಲಿ ಎರಡು ಹಾಡೂ ಕೂಡಿ ಮೊಳಗಿದವು. ಕಿನ್ನರಪುರದವರು ಕೇಳುತ್ತ ಸುಖವಾಗಿದ್ದರು, ಕತೆ ಕೇಳಿದವರೂ ಹಾಗೇ ಇರಲಿ.